ಸೆನ್ಸರ್ ಬುಡದಲ್ಲಿ ಆಯಿಲ್

ಮಾರ್ಚ್ 3, ಸಂಜೆ

ಇವತ್ತಿನ ಕೆಲಸ ಎರಡು ಬ್ರೇಕ್, ಒಂದು ಕ್ಲಚ್. ಮಧ್ಯಾಹ್ನ ಅಣ್ಣನ ಕಾರನ್ನು ಶೆಡ್ಡಿಗೆ ಎಳೆದು ತಂದರು. ಜೊತೆಗೆ ಅತ್ತಿಗೆ.

"ಮಾರಿಬಿಡ್ತೀನಿ. ಅದಕ್ಕೆ ಮುಂಚೆ ಒಂದ್ಸಲ ನೋಡು. ಅವತ್ತು ಯಾಕೆ ನಿಂತೋಯ್ತು ಅಂತ ಗೊತ್ತಾಗ್ಬೇಕು ನಂಗೆ."

ನೋಡ್ತೀನಿ ಎಂದೆ.

ಅವತ್ತು ಅಣ್ಣನಿಗೆ ಎದೆನೋವು. ಆಂಬ್ಯುಲೆನ್ಸ್ ತಡವಾಗುತ್ತದೆ ಎಂದರಂತೆ. ಅತ್ತಿಗೆಯೇ ಡ್ರೈವ್ ಮಾಡಿಕೊಂಡು ಹೊರಟರು. ಸೇತುವೆ ಮೇಲೆ ಎಂಜಿನ್ ಬಂದ್. ಇಪ್ಪತ್ತು ನಿಮಿಷವಾದ ಮೇಲೆ ತಾನಾಗಿಯೇ ಸ್ಟಾರ್ಟ್ ಆಯಿತು. ಅಷ್ಟರಲ್ಲಿ...

ಅಣ್ಣ ಹೋಗಿ ಇವತ್ತಿಗೆ ಹದಿನಾರು ದಿನ. ಆಮೇಲೆ ಆ ಕಾರನ್ನು ಯಾರೂ ಓಡಿಸಿಲ್ಲ. ನನಗೆ ಊಟ ಸೇರುತ್ತಿದೆ. ನಿದ್ದೆಯೂ ಬರುತ್ತಿದೆ.

ಮಾರ್ಚ್ 4

ಸ್ಕ್ಯಾನರ್ ಹಾಕಿದೆ. ಕ್ಯಾಮ್ ಸೆನ್ಸರ್ ದೋಷದ ಕೋಡ್ — ಸಿಗ್ನಲ್ ಬಿಟ್ಟು ಬಿಟ್ಟು ಬರುತ್ತಿದೆ. ಈ ಸೆನ್ಸರ್ ಬಾಯಿ ಮುಚ್ಚಿದರೆ ಎಂಜಿನ್ನೂ ನಿಲ್ಲುತ್ತದೆ. ನವೆಂಬರಿನಲ್ಲಿ ನಾನೇ ಹಾಕಿದ ಹೊಸ ಸೆನ್ಸರ್. ಇಷ್ಟು ಬೇಗ ಕೆಡುವಂಥದ್ದಲ್ಲ.

ಸೆನ್ಸರಿನ ವೈರ್ ಕನೆಕ್ಟರ್ ಕಿತ್ತೆ. ಪಿನ್ನುಗಳ ತುಂಬಾ ಆಯಿಲ್, ಸಿಗ್ನಲ್ ತಪ್ಪುವುದು ಅದಕ್ಕೇ. ಕ್ಲೀನರ್ ಹೊಡೆದು ಒಣಗಿಸಿ ಓಡಿಸಿದೆ. ಬಿಸಿಯಾಗುತ್ತಲೇ ಮತ್ತೆ ಒದ್ದೆ.

ಎಂಜಿನ್ ಮೇಲಿನ ಕವರಿನ ಪ್ಯಾಕಿಂಗ್ ಸೋರಿ ಇಳಿದಿರಬೇಕು. ಹಾಗಿದ್ದರೆ ಹಳೇ ಗಾಡಿಗೆ ಬರುವ ರೋಗ, ಯಾರ ತಪ್ಪೂ ಅಲ್ಲ. ಅತ್ತಿಗೆಗೆ ಇಷ್ಟನ್ನೇ ಹೇಳಿ ಮುಗಿಸಬಹುದು.

ಮಾರ್ಚ್ 5, 11 ಗಂಟೆ

ಮನೆಯಿಂದ ಮುಖದ ಪೌಡರ್ ತಂದೆ. ಎಂಜಿನ್ ತೊಳೆದು, ಒಣಗಿಸಿ, ಸುತ್ತ ಉದುರಿಸಿದೆ. ಸೋರುವ ಜಾಗ ಅದರಲ್ಲಿ ಗೆರೆ ಎಳೆದು ತೋರಿಸುತ್ತದೆ.

ಪಕ್ಕದ ಶೆಡ್ಡಿನ ಟಿಂಕರ್ ಇಣುಕಿದ. "ಏನಪ್ಪಾ, ಹೆಣ್ಣು ನೋಡೋಕೆ ಬರ್ತಾರಾ ಎಂಜಿನ್ನಾ?"

ಬೇರೆ ದಿನವಾಗಿದ್ದರೆ ಏನಾದರೂ ತಿರುಗಿ ಅನ್ನುತ್ತಿದ್ದೆ. ಪೌಡರ್ ಡಬ್ಬಿ ಮುಚ್ಚಿ ಎಂಜಿನ್ ಸ್ಟಾರ್ಟ್ ಮಾಡಿದೆ.

12.15

ಕವರ್ ಸುತ್ತ ಪೌಡರ್ ಹಾಗೇ ಬೆಳ್ಳಗಿದೆ. ಸೆನ್ಸರ್ ಬುಡದಲ್ಲಿ ಕಪ್ಪು ಗೆರೆ, ಅಲ್ಲಿಂದ ಕೆಳಗೆ ಕನೆಕ್ಟರ್‌ಗೆ.

ಸೆನ್ಸರ್ ಬಿಚ್ಚಿದೆ. ಬುಡದ ರಬ್ಬರ್ ರಿಂಗ್ ಚಪ್ಪಟೆ, ಕಲ್ಲಿನಂತೆ ಗಟ್ಟಿ, ಒಂದು ಕಡೆ ಬಿರುಕು. ಹಳೇ ರಿಂಗ್.

ನವೆಂಬರ್ ನೆನಪಾಯಿತು. ಹೊಸ ರಿಂಗ್ ಕೈಜಾರಿ ಎಲ್ಲಿಗೋ ಉರುಳಿತು. ಅಣ್ಣನಿಗೆ ಅವಸರ. ಹಳೆಯದನ್ನೇ ಹಾಕಿ "ನಡಿಯುತ್ತೆ ಬಿಡು" ಎಂದೆ. "ನೀನು ಹೇಳಿದ ಮೇಲೆ ಮುಗೀತು" ಎಂದು ಹೊರಟ.

ಅಳು ಬರಲಿಲ್ಲ. ಕೈ ತೊಳೆದೆ. ಕ್ಲಚ್ ಕೆಲಸಕ್ಕೆ ಕೂತೆ.

ಮಾರ್ಚ್ 14

ಒಂಬತ್ತು ದಿನ ಏನೂ ಬರೆದಿಲ್ಲ. ಅತ್ತಿಗೆಯ ಫೋನ್ ಮೂರು ಸಲ. ಮೂರು ಸಲವೂ ಪಾರ್ಟ್ ಬಂದಿಲ್ಲ ಎಂದೆ. ಹೊಸ ರಿಂಗ್ ಬಂದು ವಾರವಾಯಿತು, ಹಾಕಿಯೂ ಆಯಿತು. ಗಾಡಿ ಒಂದು ಗಂಟೆ ಓಡಿತು. ಪಿನ್ ಒಣಗಿಯೇ ಇದೆ.

ಮಾರ್ಚ್ 15, ಮಧ್ಯಾಹ್ನ

ಅತ್ತಿಗೆಯ ಮನೆಗೆ ಕಾರು ಬಿಡಲು ಹೋದೆ. ಕೀ ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಆ ರಿಂಗ್.

"ನನ್ನಿಂದ ಆಗಿದ್ದು ಅತ್ತಿಗೆ." ನಡೆದದ್ದೆಲ್ಲ ಹೇಳಿದೆ.

ರಿಂಗನ್ನು ಅವರು ಮುಟ್ಟಲಿಲ್ಲ. ಬಯ್ಯಲೂ ಇಲ್ಲ. ಬಯ್ಯಬೇಕಿತ್ತು.

"ಇದು ಯಾವತ್ತು ಗೊತ್ತಾಯ್ತು ನಿಂಗೆ?"

"ಐದನೇ ತಾರೀಕು."

"ಹತ್ತು ದಿನ." ಅವರ ದನಿ ಏರಲಿಲ್ಲ. "ನಾನೇ ಗಾಬ್ರೀಲಿ ಏನೋ ಮಾಡಿ ನಿಲ್ಲಿಸ್ಬಿಟ್ಟೆ ಅಂತ ಮಗಳು ತಿಳ್ಕೊಂಡಿದಾಳೆ. ಅವತ್ತಿಂದ ನನ್ಹತ್ರ ಮಾತೇ ಇಲ್ಲ. ನಾನೂ ಹಂಗೇ ಅಂದ್ಕೊಂಡಿದ್ದೆ ಕಣೋ."

ಒಳಗೆ ನೋಡಿ ಮಗಳನ್ನು ಕರೆದರು. ಬಂದು ಬಾಗಿಲಲ್ಲೇ ನಿಂತಳು.

"ನಂಗೆ ಹೇಳಿದ್ದು ಇವಳಿಗೂ ಹೇಳು. ಒಂದೂ ಬಿಡ್ಬೇಡ."

ಹೇಳಿದೆ. ನವೆಂಬರಿನಿಂದ ಶುರು ಮಾಡಿ. ಅವಳು ನನ್ನನ್ನು ನೋಡಲಿಲ್ಲ. ಹೋಗಿ ಅಮ್ಮನ ಪಕ್ಕ ಕೂತಳು, ಭುಜಕ್ಕೆ ಭುಜ ತಾಗಿಸಿ. ಏಳು ಅಂತ ಇಬ್ಬರೂ ನನಗೆ ಹೇಳಲಿಲ್ಲ. ಕೂತಿರು ಅಂತಲೂ ಇಲ್ಲ. ನಾನು ಕೂತೇ ಇದ್ದೆ.