ಸೊನ್ನೆ ಗಾತ್ರದ ಫೋಲ್ಡರಿನ ಆಚೆಗಿದ್ದ ಓಣಿ

ಬಾಗಲಕೋಟೆ,
ಮಾಘ ಮಾಸ, ೨೧೬೦

ನೀಲಗಂಗಜ್ಜಿಯವರಿಗೆ,

ನೀವು ನನ್ನ ಅಜ್ಜಿಯ ಮುತ್ತಜ್ಜಿ. ನಮ್ಮ ಕಾಲದ ಕನ್ನಡ ನಿಮಗೆ ಅಲ್ಲಲ್ಲಿ ತೊಡರಬಹುದು, ಮನ್ನಿಸಿ.

ನಮ್ಮ ತಗ್ಗಿನ ಬಡಾವಣೆಗೆ ಅಣೆಕಟ್ಟಿನ ಹಿನ್ನೀರು ಬರಲಿದೆ. ಮಳೆಗಾಲದೊಳಗೆ ಎಲ್ಲರೂ ಏರುಮನೆಗಳಿಗೆ, ಎಂದರೆ ಗುಡ್ಡದ ಮೇಲೆ ಕಂಬ ನೆಟ್ಟು ಎತ್ತರಿಸಿದ ಮನೆಗಳಿಗೆ, ಹೋಗಬೇಕು. ಅಜ್ಜಿ ಶಿವಗಂಗವ್ವ ಮಾತ್ರ ಒಪ್ಪಲಿಲ್ಲ. "ನೀವು ಹೋಗ್ರಿ, ನಾ ಇಲ್ಲೇ ಇರ್ತೀನಿ" ಎಂದಷ್ಟೇ ಹೇಳುತ್ತಿದ್ದಳು.

ಸಾಮಾನು ಕಟ್ಟುವಾಗ ನಿಮ್ಮ ಲ್ಯಾಪ್‌ಟಾಪೂ ಒಂದು ಡಿಸ್ಕೂ ಸಿಕ್ಕವು. ಹಳೆಯ ಯಂತ್ರಗಳಿಗೆ ಜೀವ ಕೊಡುವ ಜಾಗಕ್ಕೆ ನಾವು ಓದುಮನೆ ಎನ್ನುತ್ತೇವೆ. ಅಣ್ಣ ಭೀಮರಾಯ ಅಲ್ಲಿ ಎರಡನ್ನೂ ರಿಪೇರಿ ಮಾಡಿಸಿ ತಂದ. ಲ್ಯಾಪ್‌ಟಾಪಿನಲ್ಲಿ ಒಂದು ಗೇಮ್ ಇತ್ತು. ಆಡಿದ್ದೆಲ್ಲ ಉಳಿಯಬೇಕಾದ ಫೋಲ್ಡರಿನ ಗಾತ್ರ ಸೊನ್ನೆ.

"ಖಾಲಿ ಐತಿ, ಅಳಿಸಿಬಿಡ್ಲೇನು?" ಎಂದ ಅಣ್ಣ.

"ತಡಿ, ಮೂಲ್ಯಾಗ ಸಣ್ಣ ಬಾಣ ಐತಿ ನೋಡು" ಎಂದೆ.

ಅದು ಫೋಲ್ಡರಲ್ಲ, ಸಿಂಬಾಲಿಕ್ ಲಿಂಕ್, ಎಂದರೆ ಬೇರೆಡೆ ಇರುವ ಫೋಲ್ಡರಿಗೆ ದಾರಿ ತೋರಿಸುವ ಗುರುತು. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ನೀವು ಫೋಲ್ಡರನ್ನು ಡಿಸ್ಕಿಗೆ ಸಾಗಿಸಿ, ಹಳೆಯ ಜಾಗದಲ್ಲಿ ಲಿಂಕ್ ಇಟ್ಟಿರಬೇಕು. ಗೇಮ್ ಹಳೆಯ ಜಾಗದಲ್ಲೇ ಹುಡುಕುತ್ತದೆ, ಲಿಂಕ್ ಅದನ್ನು ಡಿಸ್ಕಿಗೆ ಕಳಿಸುತ್ತದೆ. ಡಿಸ್ಕ್ ಜೋಡಿಸಿದರೂ ತೆರೆಯಲಿಲ್ಲ. ಲಿಂಕ್ ಡಿಸ್ಕನ್ನು 'ಇ' ಎಂಬ ಅಕ್ಷರದ ಹೆಸರಿನಲ್ಲಿ ಹುಡುಕುತ್ತಿತ್ತು, ಯಂತ್ರ ಅದಕ್ಕೆ 'ಎಫ್' ಅಕ್ಷರ ಕೊಟ್ಟಿತ್ತು. ಅಕ್ಷರ ಬದಲಿಸಿದ ಮೇಲೆ ಗೇಮ್ ತೆರೆಯಿತು.

ಒಳಗೆ ಒಂದು ಓಣಿ. ಮಗ್ಗದ ಮನೆ, ಹಿಟ್ಟಿನ ಗಿರಣಿ, ಕಟ್ಟೆಯ ಮೇಲೆ ಮಲಗಿದ ನಾಯಿ. ಒಂದು ಬಾಗಿಲ ಮೇಲೆ ಫಲಕ: 'ಅಕ್ಕ ನೀಲಗಂಗಾ, ತಮ್ಮ ಸಂಗಮೇಶ ಹುಟ್ಟಿದ ಮನಿ. ಈಗ ನೀರಾಗ ಐತಿ.' ಮುಳುಗಿದ ಓಣಿಯನ್ನು ನೀವಿಬ್ಬರೂ ಗೇಮಿನೊಳಗೆ ಒಂದೊಂದೇ ಇಟ್ಟಿಗೆಯಿಟ್ಟು ಮತ್ತೆ ಕಟ್ಟಿದ್ದಿರಿ.

ಅಜ್ಜಿಗೆ ತೋರಿಸಿದೆವು. ಅವಳು ಪರದೆಗೆ ಬೆರಳಿಟ್ಟು ಕೇಳಿದಳು:

"ಗಿರಣಿ ಬಾಜೂಕ ಜಾಗಾ ಖಾಲಿ ಐತಲ್ಲ, ಅಲ್ಲಿ ನಮ್ಮ ಮನಿ ಕಟ್ಟಾಕ ಬರ್ತೈತೇನು?"

"ಬರ್ತೈತಿ ಅಜ್ಜಿ."

"ಹಂಗಾರ ಕಟ್ಟು. ಹಿತ್ತಲದ ನುಗ್ಗಿಗಿಡಾನೂ ಇರಲಿ. ಆಮ್ಯಾಲ ಗುಡ್ಡಕ್ಕ ಬರ್ತೀನಿ."

ಈಗ ದಿನಾ ಸಂಜೆ ಅವಳು ಹೇಳುತ್ತಾಳೆ, ನಾನು ಕಟ್ಟುತ್ತೇನೆ. ಅಡುಗೆಮನೆಯ ಕಿಟಕಿ ತಪ್ಪು ದಿಕ್ಕಿಗಿದೆಯೆಂದು ನಿನ್ನೆ ಒಡೆಸಿದಳು. ಗೋಡೆಗಳು ಎದ್ದಿವೆ, ಸೂರು ಹಾಕುವುದು ಉಳಿದಿದೆ.

ನಿಮ್ಮನ್ನು ಕೇಳದೆಯೇ ನಿಮ್ಮ ಓಣಿಗೆ ಬಂದಿದ್ದೇವೆ. ನೆರೆಮನೆಯವರೆಂದು ಸೇರಿಸಿಕೊಳ್ಳಿ.

ನಿಮ್ಮ ಕುಡಿ,
ವಾರಿಜಾ