ನನ್ನ ಕೋಣೆಯಲ್ಲಿದ್ದು ಹೋದ ಫ್ಲಿನ್‌ಗೆ

ಎಂದೂ ಹುಟ್ಟದ, ಹುಟ್ಟದ ಕಾರಣಕ್ಕೇ ಒಂದು ತಪ್ಪನ್ನೂ ಮಾಡದ ಚಿರಂಜೀವಿ ಫ್ಲಿನ್‌ಗೆ,

ಕರ್ಮೆನ್ ಜಮ್ಮಿಟ್ ಮಾಡುವ ವಂದನೆಗಳು. ನಾನು ಅಷ್ಟೇನೂ ಕ್ಷೇಮವಾಗಿಲ್ಲ. ನಿನ್ನ ಕ್ಷೇಮ ವಿಚಾರಿಸುವ ಅಗತ್ಯವಂತೂ ಇಲ್ಲವೇ ಇಲ್ಲ. ಮೆಲ್ಬರ್ನ್‌ನ ಈ ಪಶ್ಚಿಮ ದಿಕ್ಕಿನಲ್ಲಿ ನಿನ್ನಷ್ಟು ಸುಖವಾಗಿರುವವರು ಇನ್ನೊಬ್ಬರಿಲ್ಲ. ನಿನಗೆ ಹಸಿವಿಲ್ಲ, ಪರೀಕ್ಷೆಯಿಲ್ಲ, ಮೊಡವೆಯಿಲ್ಲ, ಒಬ್ಬರನ್ನೊಬ್ಬರು ಬಿಟ್ಟುಹೋಗುವ ಅಪ್ಪ ಅಮ್ಮಂದಿರಿಲ್ಲ. ಸೇಂಟ್ ಆಲ್ಬನ್ಸ್‌ನ ನಮ್ಮ ಇಟ್ಟಿಗೆ ಮನೆಯಲ್ಲಿ, ನಾನು ಹದಿನಾರು ವರ್ಷ ಮಲಗಿದ ಕೋಣೆಯಲ್ಲಿ, ಒಂದು ವಸಂತಕಾಲ ನೀನು ಠಾಕೂಠೀಕಾಗಿ ವಾಸವಾಗಿದ್ದೆ. ಕೋಣೆಯ ಮಾಜಿ ಒಡತಿಯಾದ ನಾನು ನಿನಗೊಂದು ಬೀಳ್ಕೊಡುಗೆಯ ಪತ್ರವನ್ನಾದರೂ ಬರೆಯದಿದ್ದರೆ ಜಮ್ಮಿಟ್ ವಂಶದ ಮರ್ಯಾದೆ ಏನಾಗಬೇಕು?

ನಿನ್ನ ಜನ್ಮವೃತ್ತಾಂತ ನಿನಗೆ ಯಾರೂ ಹೇಳಿರಲಾರರು. ಕೇಳು. ಅಪ್ಪ ಅಮ್ಮ ಬೇರೆಯಾಗುವುದೆಂದು, ಮನೆ ಮಾರಿ ಬಂದದ್ದನ್ನು ಹಂಚಿಕೊಳ್ಳುವುದೆಂದು ಚಳಿಗಾಲದಲ್ಲೇ ತೀರ್ಮಾನವಾಗಿತ್ತು. ಅಮ್ಮ ತನ್ನ ಪಾಲಿನ ಪಾತ್ರೆಗಳ ಸಮೇತ ಬಲ್ಲರಾಟ್‌ನಲ್ಲಿರುವ ತನ್ನ ಅಕ್ಕನ ಮನೆಗೆ ಹೋದಳು. ಶಾಲೆಯ ಕಾರಣಕ್ಕೆ ನಾನು ಅಪ್ಪನ ಪಾಲಿಗೆ ಬಂದೆ. ಮನೆ ಮಾರಿಕೊಡಲು ಬಂದ ಏಜೆಂಟ್ ಬ್ರೋಡಿ ಎಲ್ಲ ಕೋಣೆಗಳಲ್ಲೂ ಮೂಗು ತೂರಿಸಿ, ಅಪ್ಪನ ಬೆನ್ನು ತಟ್ಟಿ, "ಸಲ್ವು, ಗುರುವೇ, ಮನೆ ಚೆನ್ನಾಗಿದೆ. ಆದ್ರೆ ನೀವು ವಾಸ ಮಾಡ್ತಿರೋ ಹಾಗೆ ಕಾಣ್ತಿದೆ. ಅದೇ ತೊಂದ್ರೆ" ಎಂದ. ನಮ್ಮ ಕಡೆ ಮನೆ ಮಾರುವುದೆಂದರೆ ಹೆಣ್ಣು ತೋರಿಸುವ ಶಾಸ್ತ್ರಕ್ಕಿಂತ ಕಡಿಮೆಯೇನಲ್ಲ. ಮೈಗೆಲ್ಲ ಸುಣ್ಣಬಣ್ಣ ಬಳಿದು, ಬಾಡಿಗೆಯ ಒಡವೆ ತೊಡಿಸಿ, ಶನಿವಾರ ಶನಿವಾರ ಬಾಗಿಲು ತೆರೆದು ಕೂರಿಸಬೇಕು. ಬಂದವರು ಬಚ್ಚಲಿನ ನಲ್ಲಿ ತಿರುಗಿಸಿ, ಕಪಾಟು ತೆರೆದು ಮುಚ್ಚಿ ಹೋಗುತ್ತಾರೆ. ಕೊನೆಗೊಂದು ಶನಿವಾರ ನಟ್ಟನಡು ಬೀದಿಯಲ್ಲಿ ಹರಾಜು.

ಬಾಡಿಗೆ ಸಾಮಾನು ತಂದು ಮನೆ ಸಿಂಗರಿಸಲು ಬಂದವಳು ಪೆಟ್ರೀನಾ. ಲಾರಿ ತುಂಬ ಸೋಫಾ, ದಿಂಬು, ಬಟ್ಟಲು ತುಂಬ ಪ್ಲಾಸ್ಟಿಕ್ ನಿಂಬೆಹಣ್ಣು. ಹಿತ್ತಿಲಲ್ಲಿ ನಿಜವಾದ ನಿಂಬೆಯ ಮರ ಕಾಯಿಯ ಭಾರಕ್ಕೆ ಬಾಗಿತ್ತು, ಅದು ಬೇರೆ ಮಾತು. ನನ್ನ ಕೋಣೆಯ ಬಾಗಿಲಲ್ಲಿ ನಿಂತು ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಗೋಡೆಗೆ ನಾನೇ ಬಳಿದ ಕಡುಹಸಿರು. ಚಾವಣಿಯ ತುಂಬ ರೆಕ್ಕೆ ಬಿಚ್ಚಿದ ಕಪ್ಪು ಬಿಳುಪಿನ ಮ್ಯಾಗ್‌ಪೈ ಹಕ್ಕಿಗಳು. ಗೂಡು ಕಾಯುವ ವಸಂತದಲ್ಲಿ ನಮ್ಮ ಬೀದಿಯಲ್ಲಿ ನನ್ನ ತಲೆಗೆ ಕುಕ್ಕಲು ಬಂದ ಒಂದೊಂದು ಮ್ಯಾಗ್‌ಪೈಯನ್ನೂ ನಾನು ಅಲ್ಲಿ ಬರೆದಿದ್ದೆ, ಒಂದೊಂದಕ್ಕೂ ಹೆಸರಿಟ್ಟಿದ್ದೆ. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಕೇಡಿ, ಬಿಷಪ್ಪು.

"ಅಯ್ಯೋ, ಇದೇನು ರೂಮಾ, ಗವಿಯಾ? ಯಾರಮ್ಮ ಇಲ್ಲಿ ಮಲಗೋದು?"

"ನಾನು."

"ಬೇಜಾರು ಮಾಡ್ಕೋಬೇಡ ಕಣಮ್ಮ. ಮನೆ ನೋಡೋಕೆ ಬರೋರಿಗೆ ಇಲ್ಲಿ ಅವರ ಮಗ ಕಾಣಬೇಕು, ನೀನಲ್ಲ. ಈ ಕಡೆ ಹುಡುಗರ ರೂಮು ಅಂದ್ರೆ ಜನ ಇಷ್ಟ ಪಡ್ತಾರೆ."

ಹೀಗೆ, ಫ್ಲಿನ್, ನಿನ್ನ ಗರ್ಭಧಾರಣೆಯಾಯಿತು. ಅಪ್ಪ ಏಣಿ ಹತ್ತಿ ತಾನೇ ಬಿಳಿ ಬಣ್ಣ ಹೊಡೆದ. ಊರವರ ಅಂಗಳಕ್ಕೆಲ್ಲ ಕಾಂಕ್ರೀಟು ಹಾಸುವ ಕೈ ಅದು, ಯಾವುದನ್ನಾದರೂ ಮುಚ್ಚಿಹಾಕುವುದರಲ್ಲಿ ಪಳಗಿದ ಕೈ. ನಾನು ಏಣಿಯ ಬುಡದಲ್ಲಿ ನಿಂತು, ಸತ್ತವರ ಮನೆಯಲ್ಲಿ ನಿಲ್ಲುವ ಹಾಗೆ ತಲೆಗೆ ಕಪ್ಪು ಬಟ್ಟೆ ಹೊದ್ದು, ಒಂದೊಂದು ಹಕ್ಕಿಯ ಹೆಸರು ಹೇಳಿ ಶ್ರದ್ಧಾಂಜಲಿ ಅರ್ಪಿಸುತ್ತಿದ್ದೆ.

"ಸಾಕು ನಿಲ್ಸೇ ನಿನ್ನ ನಾಟಕ" ಎಂದ ಅಪ್ಪ. ಆಮೇಲೆ ಕೆಳಗಿಳಿದು, ಬಣ್ಣದ ಕೈಯನ್ನು ಚಡ್ಡಿಗೆ ಒರೆಸಿಕೊಂಡು, "ನೋಡು ಪುಟ್ಟಿ, ಹೊಸ ಮನೇಲಿ ನಿನ್ನ ರೂಮು ನಿನ್ನಿಷ್ಟ. ಕಪ್ಪು ಬಣ್ಣ ಬೇಕಾದ್ರೂ ಹೊಡ್ಕೊ, ಕಾಗೆ ಬೇಕಾದ್ರೂ ಬರ್ಕೊ" ಎಂದ.

"ಕಾಗೆ ಅಲ್ಲಪ್ಪ. ಮ್ಯಾಗ್‌ಪೈ."

"ಯಾವುದೋ ಒಂದು. ಮಾತು ಕೊಟ್ಟಿದೀನಿ ತಾನೆ?"

ಆ ಮಾತನ್ನು ಗಂಟು ಕಟ್ಟಿಟ್ಟುಕೊಂಡೆ. ನನ್ನ ಸಾಮಾನೆಲ್ಲ ಗ್ಯಾರೇಜಿಗೆ ಹೋಯಿತು, ನಾನು ನಡುಮನೆಯ ಸೋಫಾಗೆ ಹೋದೆ, ಆ ಮಾತೊಂದು ಮಾತ್ರ ನನ್ನ ಜೊತೆಗಿತ್ತು. ಬಿಷಪ್ಪಿನ ಕೊಕ್ಕು ಕೂಡ ಉಳಿಯಿತು ಅನ್ನು. ಎಷ್ಟು ಬಳಿದರೂ ಬಿಳಿಯ ಕೆಳಗಿನಿಂದ ಒಂಚೂರು ಇಣುಕುತ್ತಲೇ ಇತ್ತು.

ಮರುದಿನ ಶಾಲೆಯಿಂದ ಬಂದು ನೋಡುತ್ತೇನೆ, ನೀನು ಅವತರಿಸಿದ್ದೆ. ನೀಲಿ ಬಿಳಿ ಪಟ್ಟೆಯ ಹೊದಿಕೆ. ಲೆಕ್ಕವಿಲ್ಲದ ದಿಂಬುಗಳು. ಸಮುದ್ರದ ನೀರನ್ನು ಎಂದೂ ಕಂಡಿರದ ಸರ್ಫಿಂಗ್ ಹಲಗೆಯೊಂದು ಗೋಡೆಗೆ ಒರಗಿತ್ತು. ಸೇಂಟ್ ಆಲ್ಬನ್ಸ್‌ನಲ್ಲಿ ಅಲೆ ಏಳುವುದು ಚರಂಡಿ ಕಟ್ಟಿಕೊಂಡಾಗ ಮಾತ್ರ. ತಂತಿಯೊಂದು ಕಡಿಮೆಯಿದ್ದ ಗಿಟಾರು. ಬೆನ್ನಿನ ಬಣ್ಣ ನೋಡಿ ಜೋಡಿಸಿದ, ಯಾರೂ ತೆರೆಯದ ಪುಸ್ತಕಗಳು. ಕೋಣೆ ವಿಶಾಲವಾಗಿ ಕಾಣಲೆಂದು ಮಾಮೂಲಿಗಿಂತ ಗಿಡ್ಡ ಮಾಡಿಸಿದ ಮಂಚ. ಕಾಲೇ ಇಲ್ಲದವನಿಗೆ ಕಾಲು ಚಾಚುವ ಚಿಂತೆ ಏಕೆ? ತಲೆದೆಸೆಯ ಗೋಡೆಯಲ್ಲಿ, ಬಿಳಿ ಮರದ ಅಕ್ಷರಗಳಲ್ಲಿ, ನಿನ್ನ ಹೆಸರು. ನಾನಿದ್ದಷ್ಟು ಕಾಲ ಆ ಗೋಡೆಯ ಮೇಲೆ ನನ್ನ ಹೆಸರೇ ಇರಲಿಲ್ಲ. ಬೇಕಾಗಿರಲಿಲ್ಲ, ನಾನೇ ಇದ್ದೆನಲ್ಲ.

ಆಗಲೇ ನಿನಗೆ ಪ್ರಾಣಪ್ರತಿಷ್ಠೆ ಮಾಡುವುದೆಂದು ಸಂಕಲ್ಪ ತೊಟ್ಟೆ. ಉದ್ದೇಶ ಪವಿತ್ರವಾದದ್ದು: ಬಂದವರು ಹೆದರಿ ಓಡಬೇಕು, ಮನೆ ಮಾರಾಟವಾಗದೆ ಉಳಿಯಬೇಕು, ಅಮ್ಮ ಪಾತ್ರೆ ಸಮೇತ ಹಿಂದಿರುಗಬೇಕು. ಮಂಚದ ಕೆಳಗೆ ನಿನ್ನ ಫುಟ್‌ಬಾಲ್ ಕಾಲುಚೀಲಗಳನ್ನು ಪ್ರತಿಷ್ಠಾಪಿಸಿದೆ. ಅವಕ್ಕೆ ಹಳೆಯ ಚೀಸಿನ ಅಭಿಷೇಕವಾಗಿತ್ತು. ದಿಂಬಿನ ಸಂದಿಯಲ್ಲಿ ಅರ್ಧ ಕಚ್ಚಿದ ಟೋಸ್ಟು, ಮೇಜಿನ ಮೇಲೆ ಹೇನಿನ ಬಾಚಣಿಗೆ. ಕಪಾಟಿನ ಒಳಗಡೆ, ತೆರೆದವರಿಗೆ ಮಾತ್ರ ಕಾಣುವ ಹಾಗೆ, ನಿನ್ನ ಕೈಬರಹದಲ್ಲಿ ಒಂದು ಚೀಟಿ: "ಹಾವು ಇನ್ನೂ ಸಿಕ್ಕಿಲ್ಲ. ಅಪ್ಪಂಗೆ ಹೇಳ್ಬೇಡ."

ಬ್ರೋಡಿ ಕೆಂಡಾಮಂಡಲನಾದ. "ಸಲ್ವು, ನಿನ್ನ ಮಗಳನ್ನ ಹರಾಜಿನ ತನಕ ಎಲ್ಲಾದ್ರೂ ಕಟ್ಟಾಕು ಮಾರಾಯ!" ಆದರೆ ಬಂದವರೇನು ಮಾಡಿದರು ಗೊತ್ತೇ? ನಕ್ಕರು. ಕೆಂಪು ಕೋಟಿನ ಹೆಂಗಸೊಬ್ಬಳು ಹಾವಿನ ಚೀಟಿ ಓದಿ, ಮಂಚದ ಮೇಲೆ ಕುಸಿದು ಕೂತು, ಕಣ್ಣೀರು ಬರುವಷ್ಟು ನಕ್ಕಳು. "ಎಷ್ಟು ಮನೆ ನೋಡಿದ್ವಿ! ಎಲ್ಲಾ ಆಸ್ಪತ್ರೆ ಥರ ಇದ್ವು. ಇಲ್ಲಿ ಮಾತ್ರ ಕಣ್ರೀ, ನಿಜವಾಗ್ಲೂ ಒಂದು ಮಗು ಬೆಳೆದಿದೆ ಅನ್ಸುತ್ತೆ!" ಆಮೇಲಿಂದ ಬ್ರೋಡಿ ಚೀಟಿಯನ್ನು ತೆಗೆಯಲೇ ಇಲ್ಲ. ಬಂದವರನ್ನು ತಾನೇ ಕಪಾಟಿನ ಹತ್ತಿರ ಕರೆದೊಯ್ಯತೊಡಗಿದ.

ಇಷ್ಟಕ್ಕೇ ನಿಂತಿದ್ದರೆ ನಿನ್ನನ್ನು ಕ್ಷಮಿಸುತ್ತಿದ್ದೆ. ನಾನೊಬ್ಬಳು ಉದಾರಿ, ಊರಿಗೆಲ್ಲ ಗೊತ್ತು.

ಅದೇ ಹೆಂಗಸು ಮುಂದಿನ ಶನಿವಾರ ಮತ್ತೆ ಬಂದಳು. ಮನೆಯವರು ಅಲ್ಲಿರಬಾರದು ಎನ್ನುವುದು ಬ್ರೋಡಿಯ ಕಟ್ಟಪ್ಪಣೆ. ಅಪ್ಪ ಕಪಾಟಿನ ಬಾಗಿಲು ರಿಪೇರಿ ನೆಪದಲ್ಲಿ ನಿನ್ನ ಕೋಣೆಯೊಳಗೆ ಸೇರಿಕೊಂಡಿದ್ದ, ನಾನು ನಿಂಬೆಯ ಮರದ ಕೆಳಗೆ, ಕೋಣೆಯ ಕಿಟಕಿಯ ಹತ್ತಿರ, ಚೀಸು ತುಂಬಿದ ಗರಿಗರಿ ಪಸ್ತಿಝಿ ತಿನ್ನುತ್ತ ಕೂತಿದ್ದೆ. ಅವಳು ಅಪ್ಪನನ್ನು ಕೇಳುವುದು ಕೇಳಿಸಿತು: "ಫ್ಲಿನ್ ನಿಮ್ಮ ಮಗನಾ?"

ಅಪ್ಪನ ಸುತ್ತಿಗೆಯ ಸದ್ದು ನಿಂತಿತು. ಆಮೇಲೆ, "ಹೂಂ" ಎಂದ.

"ಬಲು ತುಂಟ ಅಲ್ವಾ?"

"ತುಂಟ ಅಂದ್ರೆ! ಆದ್ರೆ ಧೈರ್ಯ ನೋಡ್ಬೇಕು ನೀವು. ಒಂದ್ಸಲ ಈ ಬೀದೀಲಿ ಮ್ಯಾಗ್‌ಪೈ ಕಾಟ, ಸಣ್ಣ ಮಕ್ಕಳು ಶಾಲೆಗೆ ಹೋಗೋಕೇ ಹೆದರ್ತಿದ್ವು. ಇವನಿಗಿನ್ನೂ ಹನ್ನೊಂದು ವರ್ಷ. ಐಸ್‌ಕ್ರೀಮ್ ಡಬ್ಬಕ್ಕೆ ಹಿಂದ್ಗಡೆ ಕಣ್ಣು ಬರ್ಕೊಂಡು ತಲೆ ಮೇಲೆ ಕವುಚ್ಕೊಂಡ. ಹಕ್ಕಿ ಎಲ್ಲ ತನ್ನ ಮೇಲೇ ಬೀಳ್ಲಿ ಅಂತ ಮುಂದೆ ಮುಂದೆ ಹೋಗೋನು, ಮಕ್ಕಳೆಲ್ಲ ಹಿಂದೆ ಸಾಲಾಗಿ. ವಸಂತ ಮುಗಿಯೋವರ್ಗೂ ಹಂಗೇ ಮಾಡ್ದ. ಕಿವಿ ಹತ್ರ ರಕ್ತ ಬಂದ್ರೂ ಬಿಡ್ಲಿಲ್ಲ. ನನಗಂತೂ ಅಂಥ ಧೈರ್ಯ ಇಲ್ಲಮ್ಮ."

ಫ್ಲಿನ್, ಆ ಡಬ್ಬ ನನ್ನದು. ಆ ಕಣ್ಣುಗಳನ್ನು ಬರೆದವಳು ನಾನು. ರಕ್ತ ಬಂದದ್ದು ನನ್ನ ಕಿವಿಯ ಹತ್ತಿರ. ಕೂದಲು ಸರಿಸಿದರೆ ಬಿಷಪ್ಪಿನ ಸಹಿ ಈಗಲೂ ಕಾಣುತ್ತದೆ. ಅಂದು ಇದೇ ಅಪ್ಪ ಗೇಟಿನಲ್ಲಿ ನಿಂತು, "ತೆಗಿಯೇ ಆ ಡಬ್ಬಾನ, ಬೀದಿಯವರೆಲ್ಲ ನಗ್ತಿದಾರೆ, ನನ್ನ ಮಾನ ಕಳೀಬೇಡ" ಎಂದಿದ್ದ. ಹೆಮ್ಮೆ ಎಂಬುದೊಂದು ಅವನ ಹೊಟ್ಟೆಯೊಳಗೆ ಇಷ್ಟು ವರ್ಷ ಅವಿತಿತ್ತು ಎಂದು ನನಗೆ ಗೊತ್ತಾದದ್ದೇ ಆ ಕಿಟಕಿಯ ಕೆಳಗೆ. ಹೊರಬಂದದ್ದೇನೋ ಬಂತು, ನಿನ್ನ ಹೆಸರಿನಲ್ಲಿ ಬಂತು. ಎದ್ದು ಕಿಟಕಿಯಲ್ಲಿ ತಲೆ ತೂರಿಸಿ ಏನಾದರೂ ಒಂದು ಅನ್ನಬಹುದಿತ್ತು. ಕುಚೇಷ್ಟೆಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಸಿಗುತ್ತಿರಲಿಲ್ಲ. ನನ್ನ ಬಾಯಿ ತುಂಬ ಪಸ್ತಿಝಿ ಇತ್ತು.

ಹರಾಜಿನ ದಿನ ಬ್ರೋಡಿ ಬೀದಿಯಲ್ಲಿ ನಿಂತು ಕೋಳಿಯ ಹಾಗೆ ಕೂಗಿದ. ಅಕ್ಕಪಕ್ಕದವರು ಕಾಫಿ ಲೋಟ ಹಿಡಿದು ಬಿಟ್ಟಿ ನಾಟಕ ನೋಡಿದರು. ಕೆಂಪು ಕೋಟಿನವಳು ಗಂಡನ ತೋಳನ್ನು ಮೊಣಕೈಯಿಂದ ತಿವಿಯುತ್ತಲೇ ಇದ್ದಳು, ತಿವಿದಾಗಲೆಲ್ಲ ಆತನ ಕೈ ಮೇಲೇಳುತ್ತಿತ್ತು. ಮನೆ ಅವರದಾಯಿತು. ಆಮೇಲೆ ಕಾರಿನಿಂದ ಅವರ ಮಗು ಇಳಿಯಿತು. ನಗು ಬರುತ್ತದೆ, ಕೇಳು: ಹುಡುಗಿ! ಪೆಟ್ರೀನಾ ಇವರಿಗೆ ಕಾಣಲಿ ಎಂದು ಇಷ್ಟೆಲ್ಲ ದಿಂಬು ಜೋಡಿಸಿದ ಮಗ ಅವರಿಗೆ ಇರಲೇ ಇಲ್ಲ. ಆ ಹುಡುಗಿ ಕೋಣೆಯ ನಡುವೆ ನಿಂತು ತಲೆಯೆತ್ತಿ ನೋಡಿ, "ಅಕ್ಕಾ, ಅಲ್ಲೊಂದು ಕೊಕ್ಕಿದೆ! ಫ್ಲಿನ್ ಬರೆದಿದ್ದಾ?" ಎಂದು ಕೇಳಿದಳು.

"ಹೂಂ. ಚೆನ್ನಾಗಿ ಬರೀತಾನೆ" ಎಂದೆ.

ಅಷ್ಟು ಹೊತ್ತಿಗೆ ನಿನಗೆ ಎಲ್ಲವನ್ನೂ ಕೊಟ್ಟಾಗಿತ್ತು. ಒಂದು ಕೊಕ್ಕನ್ನು ಹಿಡಿದಿಟ್ಟುಕೊಂಡು ನಾನು ಏನು ಮಾಡಲಿ? ಅಪ್ಪ ಹಿಂದಿನಿಂದ ಬಂದು ನನ್ನ ಬೆನ್ನಿಗೊಂದು ಗುದ್ದಿದ. "ನಿನ್ನ ಕಪಿಚೇಷ್ಟೆಯಿಂದ್ಲೇ ವ್ಯಾಪಾರ ಕುದುರ್ತು ಕಣೇ! ಬ್ರೋಡಿನೇ ಹೇಳ್ದ!" ಉಳಿಸಿಕೊಳ್ಳಲು ಹೊರಟವಳೇ ಮಾರಿಕೊಟ್ಟಳು. ನನ್ನ ಗೋರಿಯ ಮೇಲೆ ಇದನ್ನೇ ಕೆತ್ತಿಸಬಹುದು.

ಪೆಟ್ರೀನಾಳ ಲಾರಿ ಬಂದು ನಿನ್ನನ್ನು ಒಯ್ದ ದಿನ ನಾನೇ ಬಾಗಿಲು ಹಿಡಿದು ನಿಂತಿದ್ದೆ. ಮೊದಲು ಹಲಗೆ, ಆಮೇಲೆ ಗಿಟಾರು, ಕಡೆಗೆ ನಿನ್ನ ಹೆಸರಿನ ಅಕ್ಷರಗಳು, ಒಂದು ಪೆಟ್ಟಿಗೆಯಲ್ಲಿ ಲಟಪಟ ಸದ್ದು ಮಾಡುತ್ತ. ನೀನು ಅಳಲಿಲ್ಲ. ನಿನ್ನ ಸಂಸ್ಕಾರವೇ ಅಂಥದ್ದು.

ಮೆಲ್ಟನ್ ಕಡೆಯ ಹೊಸ ಬಡಾವಣೆಯಲ್ಲಿ ಅಪ್ಪ ಕೊಂಡ ಮನೆಗೆ ನಾನು ಹೋದದ್ದು ಹದಿನೈದು ದಿನ ಅಮ್ಮನ ಹತ್ತಿರ ಇದ್ದು ಬಂದ ಮೇಲೆ. ಚೀಲದಲ್ಲಿ ಕಡುಹಸಿರು ಬಣ್ಣದ ಡಬ್ಬಿ ಇತ್ತು, ಹೊಸ ಕುಂಚಗಳಿದ್ದವು. ಬಲ್ಲರಾಟ್‌ನಲ್ಲಿ ಅಮ್ಮನನ್ನು ಕಾಡಿ ಕೊಡಿಸಿಕೊಂಡದ್ದು. ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. "ಕಣ್ಣು ಮುಚ್ಕೊ ಪುಟ್ಟಿ. ಏಯ್, ಬೆರಳ ಸಂದೀಲಿ ನೋಡ್ಬೇಡ!" ಹೆಗಲು ಹಿಡಿದು ನಡೆಸಿಕೊಂಡು ಹೋದ. "ಹಾಂ. ಈಗ ಬಿಡು."

ಫ್ಲಿನ್, ಅದು ನಿನ್ನ ಕೋಣೆ.

ನೀಲಿ ಬಿಳಿ ಪಟ್ಟೆಯ ಹೊದಿಕೆ. ದಿಂಬುಗಳು. ಹಲಗೆ, ಗಿಟಾರು. ಅದೇ ಗಿಡ್ಡ ಮಂಚ; ಅಪ್ಪ ಪೆಟ್ರೀನಾಳನ್ನು ಕೇಳಿ, ಅದೇ ಅಂಗಡಿ ಹುಡುಕಿ, ಎಲ್ಲವನ್ನೂ ಹೊಸದಾಗಿ ಕೊಂಡು ತಂದಿದ್ದಾನೆ. "ಬಂದೋರೆಲ್ಲ ಆ ರೂಮನ್ನ ಎಷ್ಟು ಹೊಗಳಿದ್ರು, ನೋಡ್ದಲ್ಲ? ನನ್ನ ಮಗಳಿಗೂ ಅಂಥದ್ದೇ ಇರ್ಲಿ ಅನ್ನಿಸ್ತು. ಶೆಲ್ಫು ಮಾತ್ರ ನಾನೇ ಹೊಡ್ದೆ." ಶೆಲ್ಫು ಎಡಕ್ಕೆ ವಾಲಿತ್ತು. ಅಪ್ಪನ ಹುಬ್ಬಿನ ಮೇಲೆ ಬಿಳಿ ಬಣ್ಣದ ಹನಿಗಳಿದ್ದವು. "ಮಾತು ಕೊಟ್ಟಿದ್ದೆ ತಾನೆ?" ಎಂದು ನನ್ನ ಮುಖವನ್ನೇ ನೋಡುತ್ತ ನಿಂತ. ಅವನು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

"ಚೆನ್ನಾಗಿದೆಯಪ್ಪ" ಎಂದೆ. ಹಸಿರು ಬಣ್ಣದ ಡಬ್ಬಿ ಮಂಚದ ಕೆಳಗಿದೆ, ನಿನ್ನ ಕಾಲುಚೀಲ ಇದ್ದ ಜಾಗದಲ್ಲಿ. ಮಲಗಿದರೆ ನನ್ನ ಪಾದಗಳೆರಡೂ ಮಂಚದಾಚೆ ಗಾಳಿಯಲ್ಲಿರುತ್ತವೆ.

ತಲೆದೆಸೆಯ ಗೋಡೆಯಲ್ಲಿ, ಬಿಳಿ ಮರದ ಅಕ್ಷರಗಳಲ್ಲಿ, ಈಗ ನನ್ನ ಹೆಸರಿದೆ. ಯಾರಾದರೂ ಬಂದು ನೋಡಿದರೆ, ಈ ಕೋಣೆಯಲ್ಲಿ ಕರ್ಮೆನ್ ಎಂಬ ಹುಡುಗಿಯೊಬ್ಬಳು ವಾಸವಾಗಿದ್ದಾಳೆ ಎಂದು ಖಂಡಿತ ನಂಬುತ್ತಾರೆ.

ನೀನು ಈಗ ಯಾರ ಮನೆಯ ಗೋಡೆಯ ಮೇಲಿದ್ದೀಯೋ, ಯಾರ ಅಪ್ಪನ ಬಾಯಲ್ಲಿ ಹೊಗಳಿಸಿಕೊಳ್ಳುತ್ತಿದ್ದೀಯೋ, ಅಲ್ಲಿ ತಣ್ಣಗಿರು. ಹುಟ್ಟುವ ದುರ್ಬುದ್ಧಿ ಎಂದೂ ನಿನಗೆ ಬಾರದಿರಲಿ. ಅಕಸ್ಮಾತ್ ಬಂದರೆ, ಕಾಲು ಚಾಚುವಷ್ಟು ಉದ್ದದ ಮಂಚ ನಿನಗೆ ಪ್ರಾಪ್ತಿಯಾಗಲಿ.

ಇಂತಿ ನಿನ್ನ ಬದಲಿಗೆ ಇರುವ,
ಕರ್ಮೆನ್ ಜಮ್ಮಿಟ್