ಶಿವಮೊಗ್ಗದಿಂದ ತಿರುಪತಿಗೆ ಒಂದೂಕಾಲು ಗಂಟೆ

ಮೊಳಕಾಲ್ಮೂರು,
ಭಾನುವಾರ

ಮಗಳು ಪವಿತ್ರಳಿಗೆ ಅಪ್ಪನ ಆಶೀರ್ವಾದ.

ನೀನು ಕಳಿಸಿದ ವಿಮಾನದ ಟಿಕೆಟ್ ತಲುಪಿತು. ಶಿವಮೊಗ್ಗದಿಂದ ತಿರುಪತಿಗೆ ಒಂದೂಕಾಲು ಗಂಟೆಯಂತೆ. ಅಷ್ಟು ಹೊತ್ತಿನಲ್ಲಿ ನಾನು ಮಗ್ಗದಲ್ಲಿ ಗೇಣು ಸೆರಗನ್ನೂ ನೇಯಲಾರೆ. ಆದರೆ ಆ ವಿಮಾನ ಹತ್ತಲು ತಿರುಪತಿಗೆ ಬೆನ್ನು ಹಾಕಿ, ಚಳ್ಳಕೆರೆ ಹಾದು, ಅರ್ಧ ದಿನ ಬಸ್ಸಿನಲ್ಲಿ ಹೋಗಬೇಕು. "ರಾಯದುರ್ಗದ ಮೇಲೆ ಬಸ್ಸಿಗೇ ಹೋಗ್ರಿ, ಹತ್ರ ಆಗ್ತೈತೆ" ಅನ್ನುತ್ತಾಳೆ ನಿಮ್ಮವ್ವ.

ಆ ಬಸ್ಸಿನ ವಿಷಯ ಅವಳಿಗೆ ಗೊತ್ತಿಲ್ಲ. ನಿನ್ನ ಮದುವೆಗೆ ನಾನು ಹಟ ಹಿಡಿದು ಬರಲಿಲ್ಲ. ಆಮೇಲೆ ಎರಡು ಸಲ, ನಿನಗೆಂದು ನೇಯ್ದ ಸೀರೆ ಹಿಡಿದು ಅದೇ ಬಸ್ಸು ಹತ್ತಿದ್ದೆ. ಎರಡು ಸಲವೂ ಯಾವ ಮುಖ ಇಟ್ಟುಕೊಂಡು ಬರಲಿ ಎಂದು ರಾಯದುರ್ಗದಲ್ಲೇ ಇಳಿದು ತಿರುಗಿ ಬಂದೆ.

ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಬಿಡುತ್ತಾರಾ, ಕೇಳಿ ತಿಳಿಸು. ವಿಮಾನದಲ್ಲೇ ಬರುತ್ತೇನೆ. ಅದರಲ್ಲಿ ನಡುವೆ ಇಳಿಯಲು ಬರುವುದಿಲ್ಲವಂತೆ.

ನಿನ್ನ ಅಪ್ಪ,
ಎರ್ರಿಸ್ವಾಮಿ